ಮೊದಲನೇ ನೀರು

ತಾಯಣ್ಣ ಮಗಳ ಜೊತೆ ಮಾತು ಬಿಟ್ಟ ಮೇಲೆ ಮನೆಯಲ್ಲಿ ಮಾತೇನೂ ಕಡಿಮೆಯಾಗಲಿಲ್ಲ. ಮೌನೇಶ್ವರಿಯ ಪಾಲಿಗೆ ಎರಡರಷ್ಟಾಯಿತು. ಒಂದೇ ಚಾಪೆಯ ಮೇಲೆ ಉಣ್ಣಲು ಕೂತ ಗಂಡ ಕೇಳಿದ್ದನ್ನು ಅವಳು ಮಗಳಿಗೆ ದಾಟಿಸಬೇಕು, ಮಗಳು ಕೊಟ್ಟ ಉತ್ತರವನ್ನು ಗಂಡನಿಗೆ ದಾಟಿಸಬೇಕು.

“ನಿನ್ನ ಮಗಳು ನಾಳಿನೂ ಆ ಬಾಗಿಗಿ ಹೋಗಾಕಿ ಏನು?”

“ಹೋಗಾಕಿ ಅಂತ ಹೇಳಬೇ,” ಎಂದಳು ವಿಶಾಖಾ, ರೊಟ್ಟಿಯ ತುಂಡನ್ನು ಪುಂಡಿಪಲ್ಯಕ್ಕೆ ಒತ್ತುತ್ತ.

“ಇಬ್ಬರ ಕಿವಿನೂ ನೆಟ್ಟಗದಾವ. ನಡುವ ನಾ ಏನು ಟಪಾಲಿನಾಕಿ ಏನು?” ಎಂದಳು ಮೌನೇಶ್ವರಿ.

“ಟಪಾಲಿನವರಿಗಿ ಪಗಾರರ ಬರತದವ್ವಾ,” ಎಂದ ಮಗ ಅನಿಲಕುಮಾರ. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಅವನಿಗೆ ಮನೆಯ ಜಗಳವೆಂದರೆ ಓದಿನ ನಡುವೆ ಸಿಗುವ ಬಿಡುವು. ಯಾರೂ ನಗಲಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿದ್ದ ಅತ್ತೆ ವೆಂಕಮ್ಮ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯನ್ನು ತನ್ನ ಪಾಡಿಗೆ ಮೆಲ್ಲುತ್ತಿದ್ದಳು. ಆಕೆಯ ಕಿವಿ ಮಂದ. ಆ ಮನೆಯಲ್ಲಿ ಮಂದವಾಗಿರುವುದೇ ಅನುಕೂಲವೆಂದು ಆಕೆಗೆ ಗೊತ್ತೂ ಇತ್ತು.

ಖಾನ್‌ಬಾಗ್ ಎಂಬ ಆ ತೋಟ ಇದ್ದದ್ದು ದೇವದುರ್ಗದಿಂದ ಕವಿತಾಳದ ಕಡೆ ಹೋಗುವ ದಾರಿಯಲ್ಲಿ. ನಿಜಾಮರ ಕಾಲದಲ್ಲಿ ಒಬ್ಬ ಜಾಗೀರದಾರ ಹೈದರಾಬಾದಿನ ತೋಟಗಳನ್ನು ನೋಡಿ ಬಂದು, ಹೊಲಗಳ ನಡುವೆ ಕಲ್ಲಿನ ಬಂಗಲೆಯೊಂದನ್ನು ಕಟ್ಟಿಸಿದ್ದ. ಅದರ ಮುಂದಿನ ಇಳಿಜಾರನ್ನು ಮಜಲು ಮಜಲಾಗಿ ಕಡಿಸಿ, ನಡುವೆ ಕಾಲುವೆ, ಕಾಲುವೆಯ ಕೊನೆಗೆ ಕಾರಂಜಿ, ಎರಡೂ ಬದಿಗೆ ದಾಳಿಂಬೆ, ಮಲ್ಲಿಗೆ, ಕಸಿ ಮಾವು ಹಾಕಿಸಿದ್ದ. ಜಾಗೀರು ಹೋದ ಮೇಲೂ ಜಾಗೀರದಾರಿ ಕೆಲವು ವರ್ಷ ಉಳಿದಿತ್ತು; ಬಾಗಿನ ಹಿಂದಿನ ಕೇರಿಯ ಹೆಂಗಸರು ಮಕ್ಕಳು ಅಲ್ಲಿ ಬಿಟ್ಟಿ ದುಡಿಯುತ್ತಿದ್ದರು. ವೆಂಕಮ್ಮ ಆ ಮಕ್ಕಳಲ್ಲಿ ಒಬ್ಬಳು. ಆಮೇಲೆ ಬಂಗಲೆಗೆ ಬೀಗ ಬಿತ್ತು, ಬಾಗನ್ನು ಬಳ್ಳಾರಿ ಜಾಲಿ ನುಂಗಿತು. ಈಗ ಆ ಮನೆತನದ ಹುಡುಗಿ ನಿಗಾರ್, ಹಳೆಯ ಕಟ್ಟಡಗಳ ದುರಸ್ತಿಯನ್ನೇ ಓದಿಕೊಂಡು ಬಂದವಳು, ಬಾಗನ್ನು ಮೊದಲಿದ್ದಂತೆಯೇ ಎಬ್ಬಿಸಿ ನಿಲ್ಲಿಸಲು ಹೊರಟಿದ್ದಳು. ಗಿಡಗಳನ್ನೂ ಆಳುಗಳನ್ನೂ ನೋಡಿಕೊಳ್ಳಲು ತೋಟಗಾರಿಕೆಯಲ್ಲಿ ಡಿಗ್ರಿ ಮಾಡಿದವರು ಬೇಕಾಗಿದ್ದರು. ವಿಶಾಖಾ ಮನೆಯಲ್ಲಿ ಯಾರಿಗೂ ಹೇಳದೆ ಹೋಗಿ ಕೇಳಿದ್ದಳು, ಸಿಕ್ಕಿತ್ತು.

ಸರಕಾರಿ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ತಾಯಣ್ಣನಿಗೆ ಮಗಳು ಮನೆಯಲ್ಲಿ ಕೂತು ಓದಿ, ತೋಟಗಾರಿಕೆ ಇಲಾಖೆಯ ಪರೀಕ್ಷೆ ಬರೆದು, ಜೀಪಿನಲ್ಲಿ ತಿರುಗುವ ಅಧಿಕಾರಿ ಆಗಬೇಕಿತ್ತು. ಕೇರಿ ಬಿಟ್ಟು ರಾಯಚೂರಿಗೆ ಬಂದ ಮೇಲೆ ಅವನು ಆ ದಾರಿಯ ಬಸ್ಸನ್ನೇ ಹತ್ತಿರಲಿಲ್ಲ. ಸುದ್ದಿ ತಿಳಿದ ದಿನ ಅವನ ದನಿ ಏರಲಿಲ್ಲ.

“ನಮ್ಮವ್ವ ಆ ಬಾಗಿನ್ಯಾಗ ಗೊಬ್ಬರ ಹೊತ್ತಾಳ. ನೀ ಡಿಗ್ರಿ ಮಾಡಿ ಅಲ್ಲೇ ಹೊರಾಕ ಹೊಂಟೀಯೇನು?”

“ನಾ ಹೊರಾಕ ಅಲ್ಲಪ್ಪಾ, ಹೊರಸಾಕ,” ಎಂದಿದ್ದಳು ವಿಶಾಖಾ, ನಗಿಸುವ ಉಮೇದಿನಲ್ಲಿ.

ತಾಯಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟು ಎದ್ದಿದ್ದ. ಅವರಿಬ್ಬರ ನಡುವಿನ ಕೊನೆಯ ಮಾತು ಅದು.

ಮೌನೇಶ್ವರಿಗೆ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು, ಗುಡಿಸಿದ ಅಂಗಳಕ್ಕೆ ಮತ್ತೆ ಕಸಬರಿಗೆ ಹಿಡಿಯುತ್ತಿದ್ದಳು. ಮಗಳು ಮನೆ ಬಿಟ್ಟು ದೇವದುರ್ಗದಲ್ಲಿ ರೂಮು ಮಾಡುತ್ತೇನೆ ಎಂದರೆ? ಗಂಡ, ಹೋಗಲಿ ಬಿಡು ಎಂದುಬಿಟ್ಟರೆ? ಇಬ್ಬರಲ್ಲಿ ಯಾರೊಬ್ಬರ ಬಾಯಿಂದ ಆ ಮಾತು ಬಂದರೂ ಹಿಂದಕ್ಕೆ ಹೋಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಒಂದೇ ಎರಕದವರು.

ಜಾಲಿ ಕಡಿದು ನೆಲ ಬಯಲಾದಾಗ ಒಂದು ತೊಡಕು ಎದ್ದಿತು. ಕಾಲುವೆ ಸಿಕ್ಕಿತು, ಕಾರಂಜಿಯ ಕಲ್ಲು ಸಿಕ್ಕಿತು, ಬಾವಿಯೂ ಇತ್ತು. ಆದರೆ ಬಾವಿಯ ನೀರು ಮೇಲೆ ಎಲ್ಲಿ ತುಂಬಿ ನಿಂತು ಕಾಲುವೆಗೆ ಇಳಿಯುತ್ತಿತ್ತು ಎಂಬುದು ಸಿಗಲಿಲ್ಲ. ನಿಗಾರ್ ಅದನ್ನು ಹೌಜ್ ಎನ್ನುತ್ತಿದ್ದಳು. ವಿಶಾಖಾ ತನ್ನ ನಕ್ಷೆಯಲ್ಲಿ ಟ್ಯಾಂಕ್ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಹಾಕಿದ್ದಳು.

“ನಿಮ್ಮ ಅಜ್ಜಿ ಇಲ್ಲೇ ದುಡಿದಾರಂತಲ್ಲ, ಒಮ್ಮೆ ಕರಕೊಂಡು ಬರ್ರಿ. ಅವರ ಕಣ್ಣಿಗಿ ಏನರ ಬೀಳಬಹುದು,” ಎಂದಳಂತೆ ನಿಗಾರ್.

ತಾಯಣ್ಣ ಶಾಲೆಗೆ ಹೋದ ಮೇಲೆ ಹೊರಟರು. ವೆಂಕಮ್ಮನನ್ನು ಮೌನೇಶ್ವರಿ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು. ಬಾಗಿನ ಬಾಗಿಲಲ್ಲಿ ಮುದುಕಿ ಚಪ್ಪಲಿ ಬಿಡಲು ಬಾಗಿದಳು.

“ಹಾಕ್ಕೋಬೇ ಅಜ್ಜಿ, ಮುಳ್ಳು ಅದಾವ,” ಎಂದು ವಿಶಾಖಾ ಗದರಿಕೊಂಡಳು.

ಕೆಲಸದ ಹೆಂಗಸರು ಮಣ್ಣಿನ ಬುಟ್ಟಿ ಇಳಿಸಿ ನೋಡುತ್ತ ನಿಂತರು. ಅವರಲ್ಲಿ ಹಿರಿಯಳಾದ ದಾವಲ್ ಬೀ ಹತ್ತಿರ ಬಂದು, “ಯವ್ವಾ, ಕೆಲಸಕ್ಕ ಬಂದೀಯೇನು? ಬುಟ್ಟಿ ಕೊಡ್ಲಿ?” ಎಂದಳು.

“ಬುಟ್ಟಿ ನೀನ ಇಟ್ಕೋ. ಕೂಲಿ ಇದ್ರ ಕೊಡು,” ಎಂದಳು ವೆಂಕಮ್ಮ. ಹೆಂಗಸರೆಲ್ಲ ನಕ್ಕರು.

ಬಂಗಲೆಯ ಬಲಕ್ಕೆ ಎತ್ತರದ ಮಜಲಿನ ಮೇಲೆ ನಿಗಾರ್ ಕಾಗದ ಬಿಡಿಸಿಕೊಂಡು ನಿಂತಿದ್ದಳು. ಅಲ್ಲಿ ಗಟ್ಟಿ ನೆಲ, ಅದರ ಮೇಲೆ ಹುಲ್ಲು.

“ಅಜ್ಜೀ, ಇಲ್ಲಿ ಏನಿತ್ತು? ಕಲ್ಲಿನ ದಾರಿ ಇತ್ತಾ?”

ವೆಂಕಮ್ಮ ಕೋಲಿನಿಂದ ನೆಲ ಕುಟ್ಟಿದಳು. “ಹೌದ.”

“ಬಂಗಲಾದಿಂದ ಸೀದಾ ಬಾವಿತನಕ?”

“ಹೌದ.” ಮತ್ತೆ ಕೋಲು.

“ಅಗಲ ಇತ್ತೇನು?”

“ಹೌದ ಬೇ, ಹೌದ.” ಮುದುಕಿಯ ದನಿಯಲ್ಲಿ ಸಿಡುಕಿತ್ತು.

“ನೋಡಿದ್ರಾ ವಿಶಾಖಾ, ನನ್ನ ಅಂದಾಜು ಕರೆಕ್ಟ್ ಇತ್ತು,” ಎಂದು ನಿಗಾರ್ ಖುಷಿಯಿಂದ ಕಾಗದದ ಮೇಲೆ ಗೆರೆ ಎಳೆದಳು. ರಟ್ಟೆ ಹಿಡಿದುಕೊಂಡಿದ್ದ ಮೌನೇಶ್ವರಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹಿಡಿಯಲು ಸಿಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತವಳು ರಾಯಚೂರಿನ ತನಕ ಇತ್ತ ತಿರುಗಲಿಲ್ಲ.

ತಾಯಣ್ಣನಿಗೆ ಸಂಜೆಯೇ ಗೊತ್ತಾಯಿತು. ವೆಂಕಮ್ಮನ ಸೀರೆಯ ತುಂಬ ಹುಲ್ಲಿನ ಮುಳ್ಳು ಅಂಟಿದ್ದವು.

“ಅವ್ವನ್ನ ಅಲ್ಲಿಗಿ ಒಯ್ದಿದ್ರೇನು?”

“ಒಯ್ದಿದ್ವಿ,” ಎಂದಳು ಮೌನೇಶ್ವರಿ.

“ಯಾರನ್ನ ಕೇಳಿ?”

“ಆಕಿನ್ನೇ ಕೇಳಿ. ಬರತೀನಿ ಅಂದಳು.”

ಅವನು ತಾಯಿಯ ಕಡೆ ನೋಡಿದ. ವೆಂಕಮ್ಮ ಸೀರೆಯ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಅಂದು ಅವನು ತಟ್ಟೆ ಹಿಡಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತು ಉಂಡ. ಮರುದಿನವೂ ಅಷ್ಟೇ. ಅತ್ತ ಬಾಗಿನಲ್ಲಿ ಕಲ್ಲಿನ ದಾರಿಯ ಕೆಲಸ ಶುರುವಾಯಿತು. ವಿಶಾಖಾ ಬೆಳಗ್ಗೆ ಮಂಡಕ್ಕಿ ಒಗ್ಗರಣಿ ತಿಂದೂ ತಿನ್ನದೆ ಓಡುವಳು, ಸಂಜೆ ಮೈಯೆಲ್ಲ ದೂಳಾಗಿ ಬಂದು ನೇರ ಹಾಸಿಗೆಗೆ ಬೀಳುವಳು. ಕೇಳಿದರೆ, “ಸಾಕಾಗ್ಯದವ್ವಾ, ದೇವದುರ್ಗದಾಗ ರೂಮ್ ನೋಡತೀನಿ” ಎಂದಳು ಒಂದು ದಿನ. ಮೌನೇಶ್ವರಿ ಹೆದರಿದ್ದ ಮಾತು ಕೊನೆಗೂ ಬಂತು. ಅದನ್ನು ಮಾತ್ರ ಅವಳು ಗಂಡನಿಗೆ ದಾಟಿಸಲಿಲ್ಲ.

ಆ ವಾರ ಅವಳು ತವರಿಗೆ ಹೋದಳು. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಅಣ್ಣನ ಮೊಮ್ಮಗುವಿನ ಹೆಸರಿಡುವ ಕಾರ್ಯ ಇತ್ತು. ಅಣ್ಣನ ಹೆಂಡತಿ ಅನ್ನಮ್ಮ ಹೋಳಿಗೆಗೆ ಬೇಳೆ ಬೇಯಿಸುತ್ತ ಒಲೆಯ ಮುಂದಿದ್ದಳು. ಹಿತ್ತಲಿನಲ್ಲಿ ದನಗಳಿಗೆ ನೀರು ತುಂಬಿಡುವ ದೊಡ್ಡ ಕಲ್ಲಿನ ತೊಟ್ಟಿಯ ಅಂಚಿಗೆ ನಾಲ್ಕು ವರ್ಷದ ಪೋರಿ ಜೋತುಬಿದ್ದಿದ್ದಳು.

“ಲೇ, ಹೌದದಾಗ ಇಣಕಬ್ಯಾಡ, ಬಿದ್ದೀಯಾ,” ಎಂದು ಅನ್ನಮ್ಮ ಒಳಗಿನಿಂದಲೇ ಕೂಗಿದಳು.

ಹಿಟ್ಟು ನಾದುತ್ತಿದ್ದ ಮೌನೇಶ್ವರಿಯ ಕೈ ನಿಂತಿತು.

“ಏನಂದಿ?”

“ಹೌದ. ನೀರಿನ ಹೌದ. ಯಾಕ, ರಾಯಚೂರಿಗಿ ಹೋಗಿ ಮರತೀಯೇನು?”

ಮರೆತೇ ಹೋಗಿತ್ತು. ರಾಯಚೂರಿನ ಮನೆಯಲ್ಲಿ ಅದು ಟಾಕಿ. ಬಾಗಿನಲ್ಲಿ ಒಬ್ಬಳಿಗೆ ಹೌಜ್, ಇನ್ನೊಬ್ಬಳಿಗೆ ಟ್ಯಾಂಕ್. ತಾನು ಈ ಮಾತನ್ನು ಕಿವಿಯಾರೆ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಇನ್ನೊಂದು ಸಂಗತಿಯೂ ಈಗ ಹೊಳೆಯಿತು: ಮದುವೆಯಾಗಿ ಬಂದ ದಿನದಿಂದ ಅತ್ತೆ ಯಾವ ಮಾತಿಗೂ ಹೌದು ಎಂದದ್ದಿಲ್ಲ. ಒಪ್ಪಿಗೆಯಿದ್ದರೆ “ಹ್ಞೂಂ” ಎನ್ನುವಳು, ಅದೂ ಮೂಗಿನಲ್ಲಿ. ಕೋಲು ಕುಟ್ಟಿ ಕುಟ್ಟಿ ಆಕೆ ಹೇಳಿದ್ದು ದಾರಿಯನ್ನಲ್ಲ.

ಹೋಳಿಗೆ ಕಟ್ಟಿಕೊಂಡು ಮೌನೇಶ್ವರಿ ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದಳು. ವೆಂಕಮ್ಮ ಕಟ್ಟೆಯ ಮೇಲೆ ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು, ತಾನೂ ಒಂದು ಕಟ್ಟು ಎತ್ತಿಕೊಂಡು, ಕಿವಿಯ ಹತ್ತಿರ ಬಾಗಿ ಕೇಳಿದಳು.

“ಅತ್ತೀ, ಆವತ್ತು ಬಾಗಿನ್ಯಾಗ ಹೌದ ಅಂದ್ಯಲ್ಲ. ಅದು ನೀರಿಂದೇನು?”

“ಮತ್ತ ಯಾವುದು?”

“ಆ ಹುಡುಗಿ ದಾರಿ ಅಂತ ತಿಳಕೊಂಡಳು. ಬಿಡಿಸಿ ಹೇಳಬಾರದಾ?”

“ಹೇಳಿದೆ. ಎಷ್ಟು ಸಲ ಹೇಳದು? ಕೈಯಾಗ ಕಾಗದ ಇದ್ದವರು ಕೇಳತಾರೇನು.”

ಮೌನೇಶ್ವರಿ ಸುಮ್ಮನೆ ಎಲೆ ಕಿತ್ತಳು. ಅತ್ತೆಯ ಬಾಯಿಂದ ಮಾತು ತೆಗೆಯಬೇಕಾದರೆ ಕೇಳಬಾರದು, ಕಾಯಬೇಕು. ಒಂದು ಕಟ್ಟು ಮುಗಿದು ಎರಡನೆಯದಕ್ಕೆ ಕೈ ಹಾಕಿದಾಗ ವೆಂಕಮ್ಮ ತಾನಾಗಿಯೇ ಶುರು ಮಾಡಿದಳು.

“ಬ್ಯಾಸಿಗಿ ಮುಂದ ಅದನ್ನ ಖಾಲಿ ಮಾಡತಿದ್ದರು. ಒಳಗ ಪಾಚಿ ಕಟ್ಟಿರತಿತ್ತು. ನಮ್ಮ ಕೇರಿ ಹುಡುಗ್ಯಾರನ್ನ ಇಳಸತಿದ್ದರು. ತೆಂಗಿನ ಜುಂಗು ತಗೊಂಡು ತಿಕ್ಕಬೇಕು. ಒಳಗ ತಣ್ಣಗ, ಏನ್ ಮಾತಾಡಿದರೂ ದನಿ ತಿರುಗಿ ಬರತಿತ್ತು. ನಾವು ಹಾಡತಿದ್ವಿ.” ಆಕೆ ಒಂದು ಹುಳುಕು ಎಲೆ ಆರಿಸಿ ಎಸೆದಳು. “ಖಾಲಿ ಇದ್ದಾಗ ನಮ್ಮದು. ತುಂಬಿದ ಮ್ಯಾಲ ಅದರ ಮಗ್ಗಲಿಗೂ ಹೋಗಂಗಿಲ್ಲ.”

“ಹೋದ್ರ?”

“ಒಮ್ಮಿ ಹೋಗಿದ್ದೆ. ಬಿಸಿಲಿತ್ತು, ಬೊಗಸಿ ಹಾಕಿ ಕುಡದೆ. ಜಮಾದಾರ ನೋಡಿದ. ಹುಣಸಿ ಬರಲು ತಗೊಂಡು ಹೊಡದ. ನೀರೆಲ್ಲ ಬಿಡಿಸಿದ. ನಮ್ಮವ್ವ ನಾನು ಇಬ್ಬರೇ ಮತ್ತ ತಿಕ್ಕಿದ್ವಿ.”

ಕಟ್ಟೆಯ ಕೆಳಗೆ ತಾಯಣ್ಣ ನಿಂತಿದ್ದ. ಶಾಲೆಯಿಂದ ಯಾವಾಗ ಬಂದನೋ, ಚಪ್ಪಲಿ ಕಾಲಲ್ಲೇ ಇತ್ತು.

“ಇದನ್ನ ನನಗ ಯಾವತ್ತೂ ಹೇಳಿಲ್ಲಲ್ಲವ್ವಾ.”

“ನೀ ಕೇಳಿಲ್ಲ. ನೀ ಯಾವಾಗಲೂ ಗೊಬ್ಬರ ಹೊತ್ತಾಳ, ಗೊಬ್ಬರ ಹೊತ್ತಾಳ ಅಂತೀದಿ. ನಾ ಗೊಬ್ಬರ ಅಷ್ಟ ಹೊತ್ತಿಲ್ಲ.”

ಮೌನೇಶ್ವರಿಗೆ ನಗು ಬಂದು ಸೆರಗು ಬಾಯಿಗೆ ಹಿಡಿದಳು. ತಾಯಣ್ಣ ನಗಲಿಲ್ಲ.

“ಆ ಜಾಗಾ ಮತ್ತ ಯಾಕ ತೋರಸಾಕ ಹೋದಿ? ಮುಚ್ಚಿ ಹೋಗಿತ್ತು, ಹೋಗ್ಲಿ.”

ವೆಂಕಮ್ಮ ಬಿಡಿಸಿದ ಸೊಪ್ಪನ್ನು ಒಂದು ಕಡೆ ರಾಶಿ ಮಾಡಿದಳು. “ತುಂಬಿದಾಗ ಚಂದ ಕಾಣತಿತ್ತಪಾ,” ಎಂದಳು. “ಮುಗಿಲು ಅದರಾಗ ಇಳದಂಗ. ಅಂಥಾದ್ದು ನಾ ಬ್ಯಾರೆ ಎಲ್ಲೂ ನೋಡಿಲ್ಲ. ಸಾಯೂದ್ರಾಗ ಒಮ್ಮಿ ನೋಡಬೇಕು.”

ತಾಯಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ತಾಯಿಯ ಪರವಾಗಿ ಅವನು ಇಷ್ಟು ವರ್ಷ ಹೊತ್ತುಕೊಂಡಿದ್ದ ಸಿಟ್ಟಿನ ಎದುರು ಆ ಒಂದು ಮಾತನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲವೇನೋ. ಮೌನೇಶ್ವರಿ ಚಹಾ ಒಯ್ದು ಕೊಟ್ಟಾಗ ಗೋಡೆಯ ಮೇಲಿನ ಬುದ್ಧನ ಚಿತ್ರದ ಕಡೆ ನೋಡುತ್ತ ಕೂತಿದ್ದ. ಚಹಾ ಕೆನೆಗಟ್ಟಿತು.

ವಿಶಾಖಾಳಿಗೆ ಹೇಳಿದಾಗ ಅವಳು ಹಣೆ ಹಿಡಿದು ಕೂತಳು. “ಅದರ ಮ್ಯಾಲೇ ಕಲ್ಲು ಹಾಕಿಸೀನಲ್ಲವ್ವಾ. ಈಗ ಏಳಸಬೇಕು ಅಂದ್ರ ಮೇಡಮ್ ನನ್ನ ಮನಿಗಿ ಕಳಸತಾರ.”

“ಕಳಸಿದ್ರ ಬಾ. ಮನಿ ಎಲ್ಲಿಗೂ ಹೋಗಿಲ್ಲ.”

“ಈ ಮನ್ಯಾಗ ನನ್ನ ಕೂಡ ಯಾರು ಮಾತಾಡತಾರ?”

“ನಾ ಏನು ಮೂಕಿ ಇದ್ದೀನೇನು?”

ಮರುದಿನ ವಿಶಾಖಾ ಹೋಗಿ ನಿಗಾರ್‌ಗೆ ಹೇಳಿದಳು. ನಿಗಾರ್ ಮೊದಲು ನಂಬಲಿಲ್ಲ. ಹೈದರಾಬಾದಿನಿಂದ ಬಂದಿದ್ದ ಅವಳ ದೊಡ್ಡಪ್ಪ ಜಹೀರುದ್ದೀನ್, “ಮುದುಕಿ ಮಾತು ಕೇಳಿ ಹಾಕಿದ್ರಿ, ಮುದುಕಿ ಮಾತು ಕೇಳಿ ತೆಗೀತೀರಿ, ಕಲ್ಲೇನು ಶತರಂಜ್ ಏನಮ್ಮಾ?” ಎಂದು ಗೊಣಗಿದರು. ಒಂದು ಕಲ್ಲು ಎಬ್ಬಿಸಿ ಹಾರೆ ಹಾಕಿದರು. ಎದೆಮಟ್ಟ ಮಣ್ಣಿನ ಕೆಳಗೆ ಹಳೆಯ ಗಚ್ಚಿನ ಅಂಚು ತಗುಲಿತು. ಸಂಜೆಯ ಹೊತ್ತಿಗೆ ಒಂದು ಗೋಡೆ ಕಂಡಿತು, ವಾರದೊಳಗೆ ನಾಲ್ಕೂ ಗೋಡೆ, ಒಳಗಿಳಿಯುವ ಮೆಟ್ಟಿಲು, ಕಾಲುವೆಗೆ ನೀರು ಬಿಡುವ ಕಲ್ಲಿನ ಬಾಯಿ. ನಿಗಾರ್ ಕುಣಿದಾಡಿದಳಂತೆ. ವಿಶಾಖಾಳನ್ನು ಮನೆಗೆ ಕಳಿಸುವ ಮಾತು ಏಳಲಿಲ್ಲ. ಹೌದದ ಕೆಲಸವೆಲ್ಲ ಇನ್ನು ನಿಮ್ಮದೇ ಎಂದಳು ನಿಗಾರ್.

ಅಂದಿನಿಂದ ವಿಶಾಖಾಳ ಕಾಲು ನೆಲಕ್ಕೆ ತಾಗಲಿಲ್ಲ. ಊಟಕ್ಕೆ ಕೂತರೂ ಅದೇ ಮಾತು: ಹಳೆಯ ಕಾಲದಂತೆ ಸುಣ್ಣ ಅರೆಸಿ ಗಚ್ಚು ಮಾಡಿಸಿದ್ದು, ಬೆಲ್ಲದ ನೀರು ಕೂಡಿಸಿದ್ದು, ಒಣಗುವ ತನಕ ಗೋಣಿತಾಟು ಹೊದಿಸಿದ್ದು. ಹೊರಗಿನ ಕಟ್ಟೆಯ ಮೇಲೆ ತಟ್ಟೆ ಹಿಡಿದ ತಾಯಣ್ಣನಿಗೂ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಅವಳು ದನಿ ಎತ್ತುತ್ತಿದ್ದಳು.

“ಶುಕ್ರವಾರ ಮೊದಲನೇ ನೀರು ಬಿಡತೀವಿ. ಅದರಾಗ ಸುಣ್ಣ ಬಿಡತದ, ಅದನ್ನ ಹೊರಗ ಹರಿಸಿ ಆಮ್ಯಾಲ ಎರಡನೇ ಸಲ ತುಂಬಸೂದು. ಅಜ್ಜಿ, ನೀ ಬರಬೇಕು.”

“ಹ್ಞೂಂ,” ಎಂದಳು ವೆಂಕಮ್ಮ.

ಅನಿಲಕುಮಾರನಿಗೆ ಅಂದು ಕಲಬುರಗಿಯಲ್ಲಿ ಓಟದ ಪರೀಕ್ಷೆ. ಮೌನೇಶ್ವರಿ ಒಬ್ಬಳೇ ಮುದುಕಿಯನ್ನು ಇಳಿಜಾರಿನಲ್ಲಿ ಹತ್ತಿಸುವುದು ಆಗದ ಮಾತು. ಅವಳು ಯಾರನ್ನೂ ಕೇಳಲಿಲ್ಲ. ಶುಕ್ರವಾರ ಬೆಳಗ್ಗೆ ನೋಡಿದರೆ ತಾಯಣ್ಣ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ.

“ನಾ ಗೇಟಿನ ತನಕ ಬರತೀನಿ. ಒಳಗ ಬರಂಗಿಲ್ಲ,” ಎಂದ.

ಗೇಟಿನ ಹತ್ತಿರ ಆಟೋದಿಂದ ಇಳಿದಾಗ ವೆಂಕಮ್ಮ ಅವನ ತೋಳು ಹಿಡಿದವಳು ಬಿಡಲಿಲ್ಲ. ಬಿಡಿಸಿಕೊಳ್ಳಲು ಅವನಿಗೂ ಆಗಲಿಲ್ಲ. ಹಾಗೆಯೇ ಒಳಗೆ ಬಂದ, ಎಡಬಲ ನೋಡದೆ, ಯಾರದೋ ಸಾವಿನ ಮನೆಗೆ ಹೋದವರ ಹಾಗೆ.

ಹೌದದ ಅಂಚಿನ ಹತ್ತಿರಕ್ಕೆ ನೀರು ಬಂದಿತ್ತು. ಬಾವಿಗೆ ಇಳಿಸಿದ ಮೋಟಾರು ಗುಡುಗುತ್ತಿತ್ತು. ಹೊಸ ಗಚ್ಚಿನ ಬಿಳುಪಿನಲ್ಲಿ ನೀರು ತೆಳು ಹಾಲಿನಂತೆ ಕಂಡರೂ ಒಂದು ಕಡೆ ಮುಗಿಲಿನ ತುಂಡು ಬಿದ್ದಿತ್ತು. ವೆಂಕಮ್ಮ ಅಂಚಿನ ಹತ್ತಿರ ಹೋಗಿ ನಿಂತಳು. ಅವಳ ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ. ಮುದುಕಿಯ ಒಂದು ಕೈ ಮೌನೇಶ್ವರಿಯ ಅಂಗೈಯಲ್ಲಿತ್ತು. ಬಂಗಲೆಯ ಪಡಸಾಲೆಯಲ್ಲಿ ನಿಗಾರ್, ಜಹೀರುದ್ದೀನ್ ಕುರ್ಚಿ ಹಾಕಿಕೊಂಡು ಕೂತಿದ್ದರು. ವಿಶಾಖಾ ಕಲ್ಲಿನ ಬಾಯಿಯ ಹತ್ತಿರ ನಿಂತು ಆಳುಗಳಿಗೆ ಏನೋ ತೋರಿಸುತ್ತಿದ್ದಳು. ಅಪ್ಪನನ್ನು ಕಂಡಳು. ಕಂಡದ್ದೇ ಅವಳ ಕೈಗಳ ಆಟ ಇನ್ನಷ್ಟು ಚುರುಕಾಯಿತು, ದನಿ ಇನ್ನಷ್ಟು ಏರಿತು.

ಬಿಸಿಲು ನೆತ್ತಿಗೆ ಬಂದಿತ್ತು. ಎದುರಿನ ಅಂಚಿನಲ್ಲಿ ಕೆಲಸದ ಹೆಂಗಸರು ನಿಂತಿದ್ದರು. ಬೆಳಗ್ಗೆ ಮನೆಯಿಂದ ತಂದ ಬಾಟಲಿಗಳು ಖಾಲಿಯಾಗಿ ಅವರ ಬುಟ್ಟಿಗಳಲ್ಲಿ ಬಿದ್ದಿದ್ದವು. ದಾವಲ್ ಬೀ ಕುಕ್ಕರಗಾಲಲ್ಲಿ ಕೂತು, ಸೆರಗು ಹಿಂದಕ್ಕೆ ಸರಿಸಿ, ಬೊಗಸೆ ಮಾಡಿ ನೀರಿಗೆ ಬಾಗಿದಳು.

“ಏ, ಮುಟ್ಟಬ್ಯಾಡ್ರಿ!” ವಿಶಾಖಾ ಚೀರಿದಳು. “ನೀರು ಮುಟ್ಟಬ್ಯಾಡ್ರಿ, ಹಿಂದ ಸರೀರಿ!”

ದಾವಲ್ ಬೀ ಕೈ ಹಿಂದಕ್ಕೆಳೆದುಕೊಂಡಳು. ಒದ್ದೆಯೇ ಆಗದ ಕೈಯನ್ನು ಸೆರಗಿಗೆ ಒರೆಸಿಕೊಂಡು, “ತಪ್ಪಾತ್ರಿ ಮೇಡಮ್,” ಎಂದಳು. ಉಳಿದ ಹೆಂಗಸರೂ ಸರಿದರು.

ಇತ್ತ ವೆಂಕಮ್ಮನೂ ಒಂದು ಹೆಜ್ಜೆ ಹಿಂದೆ ಇಟ್ಟಳು. ಸೊಸೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಸೆರಗಿನ ಒಳಗೆ ಸೇರಿಸಿದಳು. ಆ ಮಂದ ಕಿವಿಗೂ ಆ ಮಾತು ಕೇಳಿಸಿತ್ತು.

ತಾಯಣ್ಣ ತಾಯಿಯ ಕೈ ಅಡಗಿದ ಜಾಗವನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ವಿಶಾಖಾಳ ಮುಖದ ಬಣ್ಣ ಇಳಿದುಹೋಗಿತ್ತು. ಅವಳು ಅಂಚಿನ ಗುಂಟ ಓಡಿದಂತೆ ಬಂದು ಅವನ ಮುಂದೆ ನಿಂತಳು.

“ಅಪ್ಪಾ, ಸುಣ್ಣದ ನೀರದು. ಬಾಯಿ ಸುಡತದಂತ ಅಂದೆ. ಮನ್ಯಾಗ ಹೇಳಿದ್ನಲ್ಲ, ಮೊದಲನೇ ನೀರು ಅಂತ. ಬ್ಯಾರೆ ಏನಿಲ್ಲಪ್ಪಾ.”

ರೂಢಿಯಂತೆ ಮೌನೇಶ್ವರಿ ಆ ಮಾತನ್ನು ದಾಟಿಸಲು ಗಂಡನ ಕಡೆ ತಿರುಗಿದಳು. ಅವನು ಅವಳ ಕಡೆ ನೋಡಲೇ ಇಲ್ಲ.

“ಗೊತ್ತದ,” ಎಂದ ತಾಯಣ್ಣ, ನೇರ ಮಗಳಿಗೆ. ಅವನ ದನಿಯಲ್ಲಿ ಗೆದ್ದವನ ಸಡಗರ ಇರಲಿಲ್ಲ. ಅಂಥ ಹೊತ್ತಿಗೆ ಏನೇನು ಹೇಳಬೇಕೆಂದು ಅವನು ಎಷ್ಟು ದಿನಗಳಿಂದ ಕೂಡಿಟ್ಟುಕೊಂಡಿದ್ದನೋ, ಒಂದನ್ನೂ ಹೊರಗೆ ತೆಗೆಯಲಿಲ್ಲ. “ನನಗ ಗೊತ್ತದ. ಆ ಹೆಣ್ಣುಮಗಳಿಗಿ ಗೊತ್ತಿಲ್ಲಲ್ಲ. ಹೋಗಿ ಹೇಳು.”

ವಿಶಾಖಾ ಕಲ್ಲಿನ ಮೇಲಿದ್ದ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದುಕೊಂಡು, ಹೌದವನ್ನು ಸುತ್ತಿ ಆಚೆ ಕಡೆಗೆ ನಡೆದಳು. ಮೇಡಮ್ ಬರುವುದನ್ನು ಕಂಡು ಹೆಂಗಸರು ಮಾತು ನಿಲ್ಲಿಸಿದರು, ದಾವಲ್ ಬೀ ಎದ್ದು ನಿಂತಳು. ವಿಶಾಖಾ ನೀರು ತೋರಿಸಿ, ಗೋಡೆ ತೋರಿಸಿ, ತನ್ನ ತುಟಿ ಮುಟ್ಟಿಕೊಂಡು ಏನೋ ಹೇಳಿದಳು. ಮೋಟಾರಿನ ಸದ್ದಿನಲ್ಲಿ ಈಚೆ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಬಾಟಲಿ ಮುಂದೆ ಚಾಚಿದಳು.

ದಾವಲ್ ಬೀ ಗೊತ್ತಾಯಿತೆಂದು ತಲೆಯಾಡಿಸಿದಳು. ಕೈ ಚಾಚುವ ಮೊದಲು ಒಮ್ಮೆ, ಒಡೆಯರು ಕೂತಿದ್ದ ಬಂಗಲೆಯ ಪಡಸಾಲೆಯ ಕಡೆ ನೋಡಿದಳು.